ಮೊದಲು ಪರೀಕ್ಷೆ, ಆಮೇಲೆ ಪಾರ್ಟ್

ಎರಡು ಆಕ್ಸಿಜನ್ ಸೆನ್ಸರ್, ಒಂದು ಕ್ಯಾಟಲಿಟಿಕ್ ಕನ್ವರ್ಟರ್, ಕೂಲಿ ಬೇರೆ. ಒಟ್ಟು ಸುಮಾರು ಅರ್ಧ ಲಕ್ಷ ರೂಪಾಯಿ. ಛತ್ರಪತಿ ಸಂಭಾಜಿನಗರದ ಗ್ಯಾರೇಜೊಂದು ಈ ಅಂಕಣಕಾರರ ಕೈಗಿಟ್ಟ ಎಸ್ಟಿಮೇಟ್ ಇದು. ನಾಸಿಕ್‌ನಿಂದ ಯೇವಲಾ, ವೈಜಾಪುರ ದಾಟಿ ಬರುವಾಗ ಅವರ ಪೆಟ್ರೋಲ್ ಕಾರಿನ ಹಳದಿ ‘ಚೆಕ್ ಎಂಜಿನ್’ ದೀಪ ಹೊತ್ತಿಕೊಂಡಿತ್ತು. ಕೆಲವು ವಾರಗಳಿಂದ ಮೈಲೇಜ್ ಕೂಡ ಇಳಿದಿತ್ತು. ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಿದರು. ಬಾನೆಟ್ ಎತ್ತಲಿಲ್ಲ, ಕಾರಿನ ಕೆಳಗೆ ಇಣುಕಲಿಲ್ಲ. ಅಂಕಣಕಾರರು ಕೋಡನ್ನು ಚೀಟಿಯಲ್ಲಿ ಬರೆಸಿಕೊಂಡು ಕಾರನ್ನು ನಾಸಿಕ್‌ಗೆ ವಾಪಸು ತಂದರು.

ಕೋಡ್ ಪಿ0135. ಹೊಗೆ ಶುದ್ಧ ಮಾಡುವ ಕನ್ವರ್ಟರಿಗಿಂತ ಮೊದಲು ಇರುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದಷ್ಟೇ ಅದರ ಅರ್ಥ. ಸರ್ಕ್ಯೂಟ್ ಅಂದರೆ ಫ್ಯೂಸ್, ತಂತಿ, ಕನೆಕ್ಟರ್, ಹೀಟರ್ ಎಲ್ಲವೂ ಸೇರಿತು. ಇವುಗಳಲ್ಲಿ ಕೆಟ್ಟಿದ್ದು ಯಾವುದು ಎಂದು ಕೋಡ್ ಹೇಳುವುದಿಲ್ಲ. ಕನ್ವರ್ಟರಿನ ಬಗ್ಗೆಯಂತೂ ಅದು ಚಕಾರ ಎತ್ತುವುದಿಲ್ಲ.

ಈ ಸೆನ್ಸರಿನ ಕೆಲಸ ಹೊಗೆ ಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವುದು. ಶುದ್ಧ ಪೆಟ್ರೋಲಾದರೆ 1 ಕಿಲೋ ಪೂರ್ತಿ ಸುಡಲು 14.7 ಕಿಲೋ ಗಾಳಿ ಬೇಕು. ಎಥನಾಲ್ ಬೆರೆತಾಗ ಈ ಲೆಕ್ಕ ಕೆಳಗಿಳಿಯುತ್ತದೆ. ಪೆಟ್ರೋಲ್ ಹೆಚ್ಚಾದರೆ ಸೆನ್ಸರ್ ಸುಮಾರು 0.9 ವೋಲ್ಟ್ ಕೊಡುತ್ತದೆ, ಗಾಳಿ ಹೆಚ್ಚಾದರೆ 0.1ರ ಸುಮಾರಿಗೆ ಇಳಿಯುತ್ತದೆ. ಎಂಜಿನ್ ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಬಾಷ್ ತಯಾರಿಸಿದ ಈ ಸೆನ್ಸರ್ 1976ರಲ್ಲಿ ಮೊದಲ ಬಾರಿಗೆ ವೋಲ್ವೊ ಕಾರಿಗೆ ಬಂತು. ಸುಮಾರು 300 ಡಿಗ್ರಿ ಬಿಸಿಯಾಗುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಒಳಗೊಂದು ಹೀಟರ್. ಹೀಟರ್ ಸತ್ತರೆ ಹೊಗೆಯ ಶಾಖದಿಂದ ಸೆನ್ಸರ್ ತಾನಾಗಿ ಕಾಯಬೇಕು. ಅಲ್ಲಿಯವರೆಗೆ ಎಂಜಿನ್ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತಿರುತ್ತದೆ. ಊರೊಳಗೆ ಚಿಕ್ಕಪುಟ್ಟ ಓಡಾಟವೇ ಹೆಚ್ಚಿರುವ ಮನೆಗಳಿಗೆ ಇದರ ಪೆಟ್ಟು ಜಾಸ್ತಿ.

ನಾಸಿಕ್‌ನ ಸಾತಪುರದ ಮೆಕ್ಯಾನಿಕ್ ಮರಾಠಿಯಲ್ಲಿ ಹೇಳಿದ್ದು ಒಂದೇ ಮಾತು: ‘ಆಧೀ ಚೆಕ್ ಕರೂ, ಸಾಹೇಬ್.’ ಮೊದಲು ನೋಡೋಣ. ಅವರು ಫ್ಯೂಸ್ ತೆಗೆದು ನೋಡಿದರು, ಸರಿಯಿತ್ತು. ಕನೆಕ್ಟರ್ ಬಿಚ್ಚಿ ತುಕ್ಕು ಹುಡುಕಿದರು, ಇರಲಿಲ್ಲ. ಇಗ್ನಿಷನ್ ಹಾಕಿ ಹೀಟರಿಗೆ ಬ್ಯಾಟರಿ ಕರೆಂಟ್ ಬರುತ್ತಿದೆಯೇ ಎಂದು ಅಳೆದರು, ಬರುತ್ತಿತ್ತು. ಕೊನೆಗೆ ಸೆನ್ಸರ್ ಕಡೆಯ ಎರಡು ಬಿಳಿ ತಂತಿಗಳಿಗೆ ಮಲ್ಟಿಮೀಟರ್ ಹಿಡಿದರು. ಒಳ್ಳೆಯ ಹೀಟರಾದರೆ ಕೆಲವೇ ಓಮ್ ತೋರಿಸಬೇಕು. ಇಲ್ಲಿ ಮೀಟರ್ ಅಲುಗಲೇ ಇಲ್ಲ. ಒಳಗಿನ ಕಾಯಿಲ್ ತುಂಡಾಗಿತ್ತು. ಎಂಜಿನ್ ಕಾದ ಮೇಲೆ ಕನ್ವರ್ಟರಿನ ಆಚೆಗಿರುವ ಎರಡನೇ ಸೆನ್ಸರಿನ ಗ್ರಾಫ್ ಏರಿಳಿಯದೆ ನೆಟ್ಟಗೆ ಸಾಗಿತು. ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು.

ಬದಲಾದದ್ದು ಒಂದೇ ಸೆನ್ಸರ್. ಕೊಳವೆ ಇನ್ನೂ ಬೆಚ್ಚಗಿರುವಾಗಲೇ, ತಂತಿ ಹಾಯಲು ಸೀಳು ಇರುವ 22 ಎಂಎಂ ಸಾಕೆಟ್‌ನಿಂದ ಹಳೆಯದನ್ನು ಬಿಚ್ಚಿದರು. ಹೊಸದರ ತುದಿಗೆ ಎಣ್ಣೆಗೈ ತಾಗಿಸಲಿಲ್ಲ. ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್ ಹತ್ತಿರ ಸುಳಿಯದಂತೆ ನೋಡಿಕೊಂಡರು, ಏಕೆಂದರೆ ಅದರ ಆವಿಯೇ ಸೆನ್ಸರನ್ನು ಹಾಳು ಮಾಡಬಲ್ಲದು. ಕೂಲಿ, ಪರೀಕ್ಷೆ ಸೇರಿ ಬಿಲ್ 4,000 ರೂ. ಒಳಗೇ ಮುಗಿಯಿತು.

ಹಾಗೆಂದು ದೀಪ ಉರಿಯುತ್ತಿದ್ದರೂ ಕಾರು ಓಡುತ್ತದಲ್ಲ ಎಂದು ಸುಮ್ಮನಿರುವುದೂ ಅಗ್ಗವಲ್ಲ. ತಿಂಗಳಿಗೆ 1,000 ಕಿ.ಮೀ. ಓಡುವ ಕಾರಿನ ಮೈಲೇಜ್ 16ರಿಂದ 14ಕ್ಕೆ ಇಳಿದರೆ ಸುಮಾರು 9 ಲೀಟರ್ ಹೆಚ್ಚು ಬೇಕು. ಲೀಟರಿಗೆ 100 ರೂ. ಹಿಡಿದರೂ 900 ರೂ. ಆಯಿತು. ಐದು ತಿಂಗಳಾದರೆ ಸೆನ್ಸರಿನ ದುಡ್ಡು ಪೆಟ್ರೋಲ್ ಬಂಕಿಗೇ ಹೋಗಿರುತ್ತದೆ. ಸುಡದೆ ಉಳಿದ ಪೆಟ್ರೋಲ್ ಬಹಳ ದಿನ ಹರಿದರೆ ದುಬಾರಿ ಕನ್ವರ್ಟರ್ ನಿಜವಾಗಿಯೂ ಸುಟ್ಟುಹೋಗುತ್ತದೆ.

ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎನ್ನುವ ಪಿ0171 ಕೋಡ್ ಬಂದಾಗಲೂ ಅನೇಕರು ಸೆನ್ಸರ್ ಬದಲಿಸಿಬಿಡುತ್ತಾರೆ. ಆದರೆ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಸೋರುವ ಎಕ್ಸಾಸ್ಟ್ ಜೋಡಣೆ, ಸೋತ ಪೆಟ್ರೋಲ್ ಪಂಪ್ ಕೂಡ ಇದೇ ಕೋಡ್ ತರುತ್ತವೆ. ಹತ್ತಿಪ್ಪತ್ತು ರೂಪಾಯಿಯ ಕ್ಲ್ಯಾಂಪಿನಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಹೀಗೆ.

ಸಂಭಾಜಿನಗರದ ಪಕ್ಕದ ವಾಳೂಜ್‌ನಲ್ಲಿ ಬಜಾಜ್, ಶೇಂದ್ರಾದಲ್ಲಿ ಸ್ಕೋಡಾ; ನಾಸಿಕ್‌ನಲ್ಲಿ ಮಹೀಂದ್ರ ಮತ್ತು ಬೆಂಗಳೂರಿಗರು ಮೈಕೋ ಎಂದೇ ಕರೆಯುವ ಬಾಷ್ ಕಾರ್ಖಾನೆ. ವಾಹನವನ್ನೇ ನೆಚ್ಚಿ ಬದುಕುವ ಈ ಊರುಗಳಲ್ಲಿ ಮೀಟರ್ ಹಿಡಿಯಬಲ್ಲ ಕೈಗಳಿಗೆ ಬರವಿಲ್ಲ. ಹುಬ್ಬಳ್ಳಿ, ಬೆಳಗಾವಿಗಳಲ್ಲೂ ಇಂಥವರಿದ್ದಾರೆ. ಪರೀಕ್ಷೆಗೆಂದು ಪ್ರತ್ಯೇಕವಾಗಿ ಕೆಲವು ನೂರು ರೂಪಾಯಿ ಕೇಳಿದರೆ ಚೌಕಾಸಿ ಮಾಡಬೇಡಿ, ಕೊಡಿ. ಕೋಡ್ ಮತ್ತು ಮೀಟರ್ ತೋರಿಸಿದ ಅಂಕಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಬಿಚ್ಚಿದ ಹಳೆಯ ಸೆನ್ಸರನ್ನು ಕೇಳಿ ಪಡೆಯಿರಿ.