ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಆಸರೆ: ಶಿಕ್ಷಕರಿಗೆ ಎಂಟು ಸೂತ್ರಗಳು

2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. ದ್ವಿಭಾಷಾ ತರಗತಿಗಳು ಆಮೇಲೆ ಇನ್ನಷ್ಟು ಊರುಗಳಿಗೆ ಬಂದವು. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪಾಠ ಮಾಡುತ್ತಿದ್ದ ಎಷ್ಟೋ ಶಿಕ್ಷಕರು ಇಂದು ಗಣಿತ, ಪರಿಸರ ಅಧ್ಯಯನಗಳನ್ನು ಇಂಗ್ಲಿಷಿನಲ್ಲಿ ಕಲಿಸಬೇಕಾಗಿದೆ. ಈ ಕೆಲಸ ಸಾಧ್ಯ, ಆದರೆ ಅದಕ್ಕೆ ತಯಾರಿ ಬೇಕು. ಆ ತಯಾರಿಯ ತಳಹದಿ ಇಷ್ಟೇ: ಮಗುವಿನ ಮನೆಮಾತನ್ನು ಬಿಡಿಸಬೇಡಿ, ಬಳಸಿಕೊಳ್ಳಿ.

1. ಮನೆಮಾತು ಯಾವುದೆಂದು ಕೇಳಿ ತಿಳಿಯಿರಿ.
ತರಗತಿಯಲ್ಲಿ ಕನ್ನಡದ ಜೊತೆ ಉರ್ದು, ತುಳು, ಲಂಬಾಣಿ, ತೆಲುಗು, ಮರಾಠಿ ಆಡುವ ಮಕ್ಕಳೂ ಇರಬಹುದು. ಅವರಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಜೂನ್ ತಿಂಗಳಲ್ಲೇ ಒಂದು ಪಟ್ಟಿ ಮಾಡಿಕೊಳ್ಳಿ. ಒಂದೇ ಮನೆಮಾತಿನ ಇಬ್ಬರನ್ನು ಆಗಾಗ ಜೋಡಿಯಾಗಿ ಕೂರಿಸಿ.

2. ಪಾಠಕ್ಕೆ ಎರಡು ಗುರಿ ಬರೆಯಿರಿ.
ಭಿನ್ನರಾಶಿಗಳನ್ನು ಹೋಲಿಸುವುದು ಗಣಿತದ ಗುರಿ. ‘ಗ್ರೇಟರ್ ದ್ಯಾನ್’, ‘ಲೆಸ್ ದ್ಯಾನ್’ ಬಳಸಿ ಒಂದು ವಾಕ್ಯ ಹೇಳುವುದು ಭಾಷೆಯ ಗುರಿ. ಪಾಠಯೋಜನೆಯಲ್ಲಿ ಎರಡನೆಯದಕ್ಕೂ ಒಂದು ಸಾಲು ಮೀಸಲಿಡಿ. ಒಂದು ಪಾಠಕ್ಕೆ ಐದಾರು ಹೊಸ ಪದ ಸಾಕು. ಅವು ಪಾಠ ಮುಗಿಯುವವರೆಗೂ ಹಲಗೆಯ ಮೇಲೆ ಇರಲಿ.

3. ಸಾಲು ಸಾಲಾಗಿ ಅನುವಾದಿಸಬೇಡಿ.
ಪ್ರತಿ ಇಂಗ್ಲಿಷ್ ವಾಕ್ಯದ ಹಿಂದೆಯೇ ಕನ್ನಡ ಬರುತ್ತದೆಂದು ಗೊತ್ತಾದರೆ ಮಗು ಇಂಗ್ಲಿಷಿಗೆ ಕಿವಿಗೊಡುವುದನ್ನೇ ಬಿಡುತ್ತದೆ. ಮೊದಲು ಪರಿಕಲ್ಪನೆಯನ್ನು ಕನ್ನಡದಲ್ಲಿ ಚರ್ಚಿಸಿ. ಅದು ಮನದಟ್ಟಾದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಆಡಿಸಿ. ದ್ವಿಭಾಷಾ ಪಠ್ಯಪುಸ್ತಕವನ್ನೂ ಇದೇ ಕ್ರಮದಲ್ಲಿ ಓದಿಸಿ.

4. ಹೇಳುವುದರ ಜೊತೆಗೆ ತೋರಿಸಿ, ಮಾಡಿಸಿ.
ಬೀಜ, ಎಲೆ, ಅಳತೆಪಟ್ಟಿ, ಲೋಟದ ನೀರು ಮಗುವಿನ ಕೈಗೆ ಬರಲಿ. ‘ಪೋರ್ ದ ವಾಟರ್’ ಎಂದು ಹೇಳಿ, ನೀರು ಸುರಿಸಿ. ಮೊದಮೊದಲು ಮಕ್ಕಳು ಬಾಯಿ ಬಿಡದಿದ್ದರೆ ಗಾಬರಿ ಬೇಡ. ಸೂಚನೆ ಕೇಳಿ ಸರಿಯಾಗಿ ಮಾಡಿದ ಮಗುವಿಗೆ ಅರ್ಥವಾಗಿದೆ. ಮಾತು ಆಮೇಲೆ ಬರುತ್ತದೆ.

5. ಪ್ರಶ್ನೆ ಕೇಳಿದ ಮೇಲೆ ಕಾಯಿರಿ.
ಉತ್ತರಕ್ಕಾಗಿ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ಅಮೆರಿಕದ ಮೇರಿ ಬಡ್ ರೋ ತಮ್ಮ ಅಧ್ಯಯನಗಳಲ್ಲಿ ಕಂಡರು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಮಾತಾಡಿದರು. ಎರಡು ಭಾಷೆಗಳ ನಡುವೆ ಯೋಚಿಸುವ ಮಗುವಿಗೆ ಇನ್ನೂ ಹೆಚ್ಚು ಸಮಯ ಕೊಡಿ. ಮೊದಲು ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಎಲ್ಲರೆದುರು ಹೇಳಲಿ.

6. ಅರ್ಧ ವಾಕ್ಯ ನೀವು ಕೊಡಿ, ತಪ್ಪನ್ನು ಮೆಲ್ಲನೆ ತಿದ್ದಿ.
‘ಐ ಥಿಂಕ್... ಬಿಕಾಸ್...’ ಎಂಬ ಚೌಕಟ್ಟನ್ನು ಗೋಡೆಗೆ ಅಂಟಿಸಿ. ಈಜು ಕಲಿಯುವವರ ಬೆನ್ನಿಗೆ ಕಟ್ಟುವ ಬೆಂಡಿನಂತೆ ಅದು ಮಗುವನ್ನು ತೇಲಿಸುತ್ತದೆ. ರೂಢಿಯಾದ ಮೇಲೆ ತೆಗೆದುಬಿಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಐ ಮ್ಯಾಂಗೋ ಈಟ್’ ಎನ್ನುವುದು ಸಹಜ. ‘ಓ, ಯು ಏಟ್ ಎ ಮ್ಯಾಂಗೋ!’ ಎಂದು ಸರಿಯಾದ ರೂಪವನ್ನು ಕಿವಿಗೆ ಹಾಕಿ, ಮಾತು ಮುಂದುವರಿಸಿ. ಉಳಿದವರು ನಗಲು ಬಿಡಬೇಡಿ.

7. ಮಾತು ಬಂದರೆ ಪಾಠವೂ ಬಂತೆಂದು ತಿಳಿಯಬೇಡಿ.
ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ಆಟದ ಬಯಲಿನ ಭಾಷೆಯನ್ನೂ ಪಾಠದ ಭಾಷೆಯನ್ನೂ ಬೇರೆ ಮಾಡಿ ತೋರಿಸಿದರು. ಅಲ್ಲಿನ ವಲಸಿಗ ಮಕ್ಕಳಿಗೆ ಮಾತುಕತೆ ಸುಮಾರು ಎರಡು ವರ್ಷಗಳಲ್ಲಿ ಒಲಿದರೆ, ಪಾಠದ ಭಾಷೆಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕಾಯಿತು. ಶಾಲೆಯ ಹೊರಗೆ ಇಂಗ್ಲಿಷ್ ಕೇಳಿಸದ ನಮ್ಮ ಹಳ್ಳಿಯ ಮಗುವಿಗೆ ಆತುರ ಹಚ್ಚುವುದು ಅನ್ಯಾಯ. ಪರೀಕ್ಷೆಯಲ್ಲೂ ವಿಜ್ಞಾನ ಗೊತ್ತಿದೆಯೇ, ಇಂಗ್ಲಿಷ್ ಗೊತ್ತಿದೆಯೇ ಎಂಬುದನ್ನು ಬೇರೆ ಬೇರೆ ನೋಡಿ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದ ಮಗುವಿಗೆ ಕಾಗುಣಿತದ ತಪ್ಪಿಗಾಗಿ ವಿಜ್ಞಾನದ ಅಂಕ ಕಳೆಯಬೇಡಿ.

8. ತರಬೇತಿಯನ್ನು ತರಗತಿಯವರೆಗೆ ತನ್ನಿ.
ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಆರಂಭವಾದದ್ದೇ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆ ಕಲಿಸಲು. ಅಂಥಲ್ಲಿ ಕಲಿತದ್ದು ಉಳಿಯಬೇಕಾದರೆ ಊರಿನಲ್ಲಿ ಜೊತೆಗಾರರು ಬೇಕು. ಕ್ಲಸ್ಟರ್ ಸಭೆಯಲ್ಲಿ ಸುತ್ತೋಲೆ ಓದುವುದರ ಜೊತೆಗೆ ಒಬ್ಬರು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಪಾಠ ಮಾಡಲಿ, ಉಳಿದವರು ಮಕ್ಕಳಾಗಿ ಕೂರಲಿ. ತರಬೇತಿ ಕೊಟ್ಟವರು ತಿಂಗಳೊಳಗೆ ಆ ಶಿಕ್ಷಕರ ತರಗತಿಗೆ ಹೋಗಿ ನೋಡಲಿ, ತಪಾಸಣೆಗೆಂದಲ್ಲ, ನೆರವಿಗೆಂದು. ಶಿಕ್ಷಕರಿಗೂ ತಡವರಿಸುವ, ಮತ್ತೆ ಪ್ರಯತ್ನಿಸುವ ಅವಕಾಶ ಸಿಗಬೇಕು. ಅದು ಸಿಕ್ಕವರು ಮಾತ್ರ ಅದೇ ಅವಕಾಶವನ್ನು ಮಕ್ಕಳಿಗೆ ಕೊಡಬಲ್ಲರು.