ಕಂಪೈಲರ್ ಮ್ಯಾಲೆ ನಂಬಿಕೆ ಎಷ್ಟು?

ಲ್ಯಾಬ್‌ನಾಗ ಪ್ರೋಗ್ರಾಂ ತಪ್ಪಿದ್ರ ನಾವು ನಮ್ಮ ಕೋಡ್ ತಿದ್ದಕೋತೀವಿ. ಕಂಪೈಲರ್ ಮ್ಯಾಲೆ ಯಾರಿಗೂ ಸಂಶಯ ಬರಂಗಿಲ್ಲ. ಬಹಳ ಸಲ ತಪ್ಪು ನಮ್ಮದೇ ಇರ್ತದ, ಖರೆ. ಆದರೆ ಕೊಳಾರದಾಗ ನಿಂತು ತಲೆ ಎತ್ತಿದ್ರ ವಾಯುಪಡೆಯ ತರಬೇತಿ ವಿಮಾನ ಕಾಣ್ತಾವ. ವಿಮಾನದೊಳಗಿನ ಸಾಫ್ಟ್‌ವೇರ್‌ಗೆ 'ಬಹಳ ಸಲ' ಅನ್ನೋದು ಸಾಲದು.

ಒಂದು ಉದಾಹರಣೆ ನೋಡೋಣ. ಲೂಪ್ ಒಳಗ 'ಎ ಭಾಗಿಸು ಬಿ' ಅಂತ ಅದ. ಎರಡೂ ಪೂರ್ಣಾಂಕ, ಎರಡೂ ಲೂಪ್‌ನಾಗ ಬದಲಾಗಂಗಿಲ್ಲ. ಪ್ರತಿ ಸುತ್ತಿಗೂ ಯಾಕ ಭಾಗಿಸಬೇಕು ಅಂತ ಆಪ್ಟಿಮೈಸರ್ ಅದನ್ನು ಲೂಪ್ ಹೊರಗ, ಮೊದಲೇ ಇಡ್ತದ. ಚಲೋ ಅನಿಸ್ತದ, ಅಲ್ಲ? ಈಗ ಬಿ ಸೊನ್ನೆ, ಲೂಪ್ ಒಂದು ಸುತ್ತೂ ತಿರುಗಂಗಿಲ್ಲ ಅಂತ ಇಟ್ಟುಕೊಳ್ರಿ. ಮೂಲ ಪ್ರೋಗ್ರಾಂ ಭಾಗಿಸದೇ ಆರಾಮ ಮುಗೀತದ. ಹೊಸದು ಇಂಟೆಲ್ ಪ್ರೊಸೆಸರ್ ಮ್ಯಾಲೆ ಕ್ರ್ಯಾಶ್ ಆಗ್ತದ! ಭಾಗಾಕಾರದಿಂದ ದೋಷ ಬರೋದಿಲ್ಲ ಅಂತ ಖಾತ್ರಿ ಆಗದ ಹೊರತು ಅದನ್ನು ಸರಿಸಬಾರದು.

ಇಂಥ ತಪ್ಪು ಅಪರೂಪ ಅಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಿ-ಸ್ಮಿತ್ ಎಂಬ ಟೂಲ್‌ನಿಂದ ಯಾದೃಚ್ಛಿಕ ಸಿ ಪ್ರೋಗ್ರಾಂ ತಯಾರಿಸಿ ಕಂಪೈಲರ್‌ಗಳನ್ನು ಪರೀಕ್ಷಿಸಿದರು. 2011ರ ಅವರ ಪ್ರಬಂಧದ ಪ್ರಕಾರ ಸಿಕ್ಕ ಹೊಸ ಬಗ್‌ಗಳು 325ಕ್ಕೂ ಹೆಚ್ಚು. ಜಿಸಿಸಿ, ಎಲ್‌ಎಲ್‌ವಿಎಂ ಕೂಡ ಆ ಪಟ್ಟಿಯಲ್ಲಿದ್ದವು.

ಇನ್ನೊಂದು ದಾರಿ ಗಣಿತದ್ದು. ಫ್ರಾನ್ಸ್‌ನ ಝೇವಿಯರ್ ಲೆರಾಯ್ ತಂಡದ 'ಕಾಂಪ್‌ಸರ್ಟ್' ಎಂಬ ಸಿ ಕಂಪೈಲರ್‌ಗೆ ಕಾಕ್ ಎಂಬ ಸಾಧನದಲ್ಲಿ ಬರೆದ ಸಾಧನೆ ಅದ. ಪ್ರಮೇಯ ಇಷ್ಟು: ಮೂಲ ಪ್ರೋಗ್ರಾಂ ಸಿ ಭಾಷೆಯ ನಿಯಮ ಮೀರಿರದಿದ್ದರೆ, ಹುಟ್ಟುವ ಅಸೆಂಬ್ಲಿ ಕೋಡ್ ಮೂಲ ಒಪ್ಪುವಂತೆಯೇ ನಡೀತದ. ಸಿ-ಸ್ಮಿತ್ ಇದನ್ನೂ ಜಾಲಾಡಿತು. ಸಾಧನೆ ಇಲ್ಲದ ಭಾಗಗಳಲ್ಲಿ ತಪ್ಪು ಸಿಕ್ಕವು. ಸಾಧಿಸಿದ ನಡುವಿನ ಭಾಗದಲ್ಲಿ ತಪ್ಪು ಕೋಡ್ ಹುಟ್ಟಿಸುವ ಬಗ್ ಒಂದೂ ಸಿಗಲಿಲ್ಲ.

ಹಂಗಂತ ಎಲ್ಲಾ ಮುಗೀತು ಅನ್ನಬ್ಯಾಡ್ರಿ. ನೀವು ತಪ್ಪು ಲಾಜಿಕ್ ಬರೆದ್ರ ಕಾಂಪ್‌ಸರ್ಟ್ ಆ ತಪ್ಪನ್ನೇ ನಿಯತ್ತಿನಿಂದ ಅನುವಾದ ಮಾಡ್ತದ. ಆದ್ದರಿಂದ ಪ್ರೋಗ್ರಾಂ ಕೂಡ ಸರಿ ಅಂತ ಸಾಧಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜಾ ಮತ್ತು ಸಂಗಡಿಗರು ಫ್ರೀ-ಆರ್‌ಟಿಓಎಸ್‌ನ ಶೆಡ್ಯೂಲರ್ ಮ್ಯಾಲೆ ಇಂಥದ್ದೇ ಕೆಲಸ ಮಾಡಿ 2015ರಲ್ಲಿ ಪ್ರಕಟಿಸಿದರು. ನಮ್ಮ ಪ್ರಾಜೆಕ್ಟ್‌ನ ಇಎಸ್‌ಪಿ-32 ಬೋರ್ಡಿನೊಳಗೆ ಓಡೋದು ಅದೇ ವಂಶದ ಶೆಡ್ಯೂಲರ್.

ಮನೆಗೆಲಸ: 'ಎಕ್ಸ್ ಗುಣಿಸು 0' ಬದಲು ಬರೀ '0' ಬರೆಯಬಹುದಾ? ಇಂಟ್‌ಗೆ ಸರಿ. ಫ್ಲೋಟ್‌ಗೆ? ಎಕ್ಸ್ ಅನಂತ ಆದಾಗ ಏನಾಗ್ತದ, ಓಡಿಸಿ ನೋಡ್ರಿ.