ಆಯ್ಕೆಪಟ್ಟಿಯ ಮಿತಿ ಮತ್ತು ಕರ್ತೃನಿರ್ಣಯ

ಒಂದೇ ಹೆಸರಿನ ಕವಿಗಳು ಕನ್ನಡ ಸಾಹಿತ್ಯ ಚರಿತ್ರೆಗೆ ಹೊಸಬರಲ್ಲ. ‘ಛಂದೋಂಬುಧಿ’ಯ ನಾಗವರ್ಮನೇ ಬೇರೆ, ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’ಗಳ ನಾಗವರ್ಮನೇ ಬೇರೆ. ಇಂಥ ಕವಿಗಳನ್ನು ಕಾಲ, ಕೃತಿಗಳ ಆಧಾರದಿಂದ ಬೇರ್ಪಡಿಸುವ ಕೆಲಸಕ್ಕೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಭದ್ರವಾದ ತಳಹದಿಯನ್ನು ಹಾಕಿಕೊಟ್ಟವು. ಗ್ರಂಥಸೂಚಿಯು ಕಾಗದದಿಂದ ಗಣಕಯಂತ್ರಕ್ಕೆ ಸಾಗುವಾಗ ಈ ವಿವೇಚನೆ ಎಲ್ಲಿ ಉಳಿಯುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1970ರಲ್ಲಿ ಇ. ಎಫ್. ಕಾಡ್ ಮಂಡಿಸಿದ ಸಂಬಂಧಾತ್ಮಕ ಮಾದರಿಯನ್ನು ಅನುಸರಿಸುವ ಡೇಟಾಬೇಸ್‌ನಲ್ಲಿ ವಿಷಯಗಳು ಪ್ರತ್ಯೇಕ ಕೋಷ್ಟಕಗಳಾಗಿ ವಿಂಗಡಣೆಗೊಳ್ಳುತ್ತವೆ. ಗ್ರಂಥಸೂಚಿಯೊಂದರಲ್ಲಿ ವ್ಯಕ್ತಿ, ಕೃತಿ, ಹಸ್ತಪ್ರತಿ ಎಂಬ ಮೂರು ಕೋಷ್ಟಕಗಳಿವೆಯೆಂದು ಭಾವಿಸಬಹುದು. ಕೃತಿಯ ದಾಖಲೆಯಲ್ಲಿ ಕವಿಯ ಹೆಸರನ್ನು ಮತ್ತೆ ಬರೆಯುವುದಿಲ್ಲ. ಕವಿಯ ದಾಖಲೆಯನ್ನು ಸೂಚಿಸುವ ಸಂಖ್ಯೆ ಮಾತ್ರ ಅಲ್ಲಿರುತ್ತದೆ. 2005ರಲ್ಲಿ ಬಿಡುಗಡೆಯಾದ ಜ್ಯಾಂಗೊ ಎಂಬ ತಂತ್ರಾಂಶವು ಇಂಥ ಕೋಷ್ಟಕಗಳಿಗೆ ನಿರ್ವಹಣಾ ಪುಟಗಳನ್ನು ತಾನೇ ಸಿದ್ಧಪಡಿಸಿಕೊಡುತ್ತದೆ. ಕವಿಯನ್ನು ಆರಿಸಲು ಅಲ್ಲೊಂದು ಆಯ್ಕೆಪಟ್ಟಿ ತೆರೆದುಕೊಳ್ಳುತ್ತದೆ. ಮಿತಿಯನ್ನು ವಿಧಿಸದಿದ್ದರೆ ಕವಿ, ಸಂಪಾದಕ, ಲಿಪಿಕಾರ ಎಂಬ ಭೇದವಿಲ್ಲದೆ ಎಲ್ಲರೂ ಅದರಲ್ಲಿ ಬಂದು ನಿಲ್ಲುತ್ತಾರೆ. ‘ನಾಗವರ್ಮ’ ಎಂಬ ಎರಡು ಸಾಲುಗಳಲ್ಲಿ ತಪ್ಪಾದುದನ್ನು ಆರಿಸಿದರೆ ಆ ತಪ್ಪು ಕರ್ತೃಸೂಚಿಗೂ ಕಾಲಾನುಕ್ರಮಣಿಕೆಗೂ ಹರಡುತ್ತದೆ.

ಇದಕ್ಕೆ ಮೊದಲ ಪರಿಹಾರ ಹೆಸರಿನೊಡನೆ ವಿಶೇಷಣವನ್ನು ತೋರಿಸುವುದು: ‘ನಾಗವರ್ಮ (ಛಂದೋಂಬುಧಿ)’, ‘ನಾಗವರ್ಮ (ಕಾವ್ಯಾವಲೋಕನ)’. ಎರಡನೆಯದು ಸ್ಥಿರವಾದ ಮಿತಿ. ಕೋಷ್ಟಕಗಳ ಸಂಬಂಧವನ್ನು ನಿರೂಪಿಸುವಲ್ಲಿಯೇ ‘ಲಿಮಿಟ್ ಚಾಯ್ಸಸ್ ಟು’ ಎಂಬ ನಿಬಂಧನೆಯನ್ನು ಸೇರಿಸಿದರೆ ಕರ್ತೃವಿನ ಪಟ್ಟಿಯಲ್ಲಿ ಕವಿಗಳು ಮಾತ್ರ, ಲಿಪಿಕಾರರ ಪಟ್ಟಿಯಲ್ಲಿ ಲಿಪಿಕಾರರು ಮಾತ್ರ ಕಾಣುತ್ತಾರೆ. ಆದರೆ ವ್ಯಕ್ತಿಗೆ ಒಂದೇ ಪಾತ್ರವೆಂದು ಮೊದಲೇ ನಿರ್ಧರಿಸಿದರೆ ಇಲ್ಲಿ ತೊಡಕುಂಟಾಗುತ್ತದೆ. ತೀ. ನಂ. ಶ್ರೀಕಂಠಯ್ಯನವರು ‘ಒಲುಮೆ’ಯ ಕವಿಯೂ ಹೌದು, ರನ್ನನ ‘ಗದಾಯುದ್ಧ’ದ ಸಂಗ್ರಹವನ್ನು ಸಿದ್ಧಪಡಿಸಿದ ಸಂಪಾದಕರೂ ಹೌದು. ಅವರನ್ನು ಒಂದೇ ವರ್ಗಕ್ಕೆ ಸೇರಿಸಿದರೆ ಇನ್ನೊಂದು ಪಟ್ಟಿಯಿಂದ ಅವರು ಮರೆಯಾಗುತ್ತಾರೆ. ಆದಕಾರಣ ಒಬ್ಬ ವ್ಯಕ್ತಿಗೆ ಹಲವು ಪಾತ್ರಗಳಿರಲು ಅವಕಾಶ ಕಲ್ಪಿಸಿದ ಮೇಲೆಯೇ ಮಿತಿಯನ್ನು ವಿಧಿಸುವುದು ಉಚಿತ.

ಮೂರನೆಯದು ಸಾಪೇಕ್ಷ ಮಿತಿ. ಹಸ್ತಪ್ರತಿಯ ದಾಖಲೆಯಲ್ಲಿ ರನ್ನನನ್ನು ಆರಿಸಿದ ಬಳಿಕ ಕೃತಿಗಳ ಪಟ್ಟಿಯಲ್ಲಿ ‘ಅಜಿತಪುರಾಣ’, ‘ಗದಾಯುದ್ಧ’ ಮೊದಲಾದ ಅವನ ಕೃತಿಗಳು ಮಾತ್ರ ಬರಬೇಕು. ಈಗಾಗಲೇ ಉಳಿಸಿದ ದಾಖಲೆಯನ್ನು ತಿದ್ದುವಾಗ ಇದು ಸುಲಭ; ಕವಿ ಯಾರೆಂಬುದು ಪುಟ ತೆರೆಯುವ ಮೊದಲೇ ತಿಳಿದಿರುತ್ತದೆ. ಹೊಸ ದಾಖಲೆಯಲ್ಲಿ ಕವಿಯಿನ್ನೂ ಆಯ್ಕೆಯಾಗಿರುವುದಿಲ್ಲ. ಆದುದರಿಂದ ಕವಿಯನ್ನು ಆರಿಸಿದ ಕ್ಷಣದಲ್ಲಿ ಪಟ್ಟಿಯನ್ನು ಮತ್ತೆ ತರಿಸುವ ವ್ಯವಸ್ಥೆ ಬೇಕು. ಇಲ್ಲವೇ ದಾಖಲೆಯನ್ನು ಎರಡು ಹಂತಗಳಲ್ಲಿ ಉಳಿಸಬೇಕು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಮಿತಿಯೂ ಒಂದು ತೀರ್ಪು ಎಂಬುದು. ಪಟ್ಟಿ ಉದ್ದವಾಯಿತೆಂದು ಕವಿಗಳನ್ನು ಶತಮಾನಕ್ಕನುಸಾರವಾಗಿ ಮಿತಗೊಳಿಸಿದರೆ ‘ಕಾವ್ಯಾವಲೋಕನ’ದ ನಾಗವರ್ಮ ಎಲ್ಲಿ ಸೇರಬೇಕು? ಅವನ ಕಾಲ 11ನೆಯ ಶತಮಾನವೆಂದೂ 12ನೆಯ ಶತಮಾನವೆಂದೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ತಂತ್ರಾಂಶ ಇವೆರಡರಲ್ಲಿ ಒಂದನ್ನು ಮಾತ್ರ ಒಪ್ಪಿದರೆ, ಇನ್ನೊಂದು ಪಕ್ಷ ವಾದವಿಲ್ಲದೆಯೇ ಸೋತಂತಾಗುತ್ತದೆ. ಅಡಿಟಿಪ್ಪಣಿಯಲ್ಲಾದರೆ ಭಿನ್ನಮತ ಕಣ್ಣಿಗೆ ಬೀಳುತ್ತದೆ. ಪಟ್ಟಿಯಿಂದ ಬಿಟ್ಟುಹೋದ ಹೆಸರು ಯಾರ ಗಮನಕ್ಕೂ ಬರುವುದಿಲ್ಲ.

ಇನ್ನೊಂದು ಅಪಾಯ ಹಳೆಯ ದಾಖಲೆಗಳದು. ಹೊಸದಾಗಿ ವಿಧಿಸಿದ ಮಿತಿಯ ಹೊರಗೆ ಉಳಿದ ಕವಿಯ ಕೃತಿಯನ್ನು ತಿದ್ದಲು ತೆರೆದಾಗ ಕರ್ತೃವಿನ ಸ್ಥಾನ ಬರಿದಾಗಿ ಕಾಣುತ್ತದೆ. ಆ ಅಂಶ ಕಡ್ಡಾಯವಾಗಿದ್ದರೆ ಪುಟ ದೋಷವನ್ನು ಸೂಚಿಸುತ್ತದೆ. ಐಚ್ಛಿಕವಾಗಿದ್ದರೆ, ಬೇರೆ ಯಾವುದೋ ಕಾಗುಣಿತವನ್ನು ತಿದ್ದಿ ಉಳಿಸಿದೊಡನೆ ಕವಿಯ ಸಂಬಂಧವೇ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಆದ್ದರಿಂದ ದಾಖಲೆಯಲ್ಲಿ ಈಗಿರುವ ಹೆಸರನ್ನು, ಅದು ಮಿತಿಗೆ ಹೊರತಾದರೂ, ಪಟ್ಟಿಯಲ್ಲಿ ಉಳಿಸಿಕೊಳ್ಳುವುದು ಅಗತ್ಯ. ಮೇಲಾಗಿ ಈ ಮಿತಿ ಡೇಟಾಬೇಸ್‌ನ ಒಳಗಿನ ಕಟ್ಟುಪಾಡಲ್ಲ. ಬೇರೊಂದು ಕಡತದಿಂದ ಸಾವಿರಾರು ದಾಖಲೆಗಳನ್ನು ನೇರವಾಗಿ ತುಂಬಿಸಿದರೆ ಅದು ಅಡ್ಡಬರುವುದಿಲ್ಲ. ಅಂಥ ದಾಖಲೆಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಒಟ್ಟಿನಲ್ಲಿ, ನಿರ್ವಿವಾದವಾದ ಸಂಬಂಧಗಳಲ್ಲಿ ಮಿತಿ ಬಿಗಿಯಾಗಿರಲಿ. ಕರ್ತೃತ್ವ, ಕಾಲ ಮೊದಲಾದ ಚರ್ಚಾಸ್ಪದ ವಿಷಯಗಳಲ್ಲಿ ಸಡಿಲವಾಗಿರಲಿ. ಯಾವ ಹೆಸರನ್ನು ಪಟ್ಟಿಯಿಂದ ಕೈಬಿಡಬೇಕೆಂಬುದು ತಂತ್ರಜ್ಞನೊಬ್ಬನೇ ತೀರ್ಮಾನಿಸುವ ಸಂಗತಿಯಲ್ಲ. ಆ ಹೊಣೆಯಲ್ಲಿ ಸಾಹಿತ್ಯದ ಅಭ್ಯಾಸಿಯ ಪಾಲೂ ಇದೆ.